ಊರ್ವಶಿ ವೈದ್ ಯಾರನ್ನೂ ಕೈಬಿಡಲಿಲ್ಲ

1990ರ ಮಾರ್ಚ್ 29. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಒಂದು ಸಭೆ. ಹಿರಿಯ ಜಾರ್ಜ್ ಬುಷ್ ಅಮೆರಿಕದ ಅಧ್ಯಕ್ಷರಾಗಿ ವರ್ಷ ದಾಟಿತ್ತು. ಏಡ್ಸ್ ಬಗ್ಗೆ ಅವರು ಮಾಡಿದ ಮೊದಲ ಭಾಷಣ ಅದು. ಕಾಯಿಲೆ ಬಂದವರ ಮೇಲೆ ಕರುಣೆ ಇರಲಿ, ಅವರನ್ನು ದೂರ ಇಡಬೇಡಿ ಅಂತ ಹೇಳುತ್ತಿದ್ದರು. ಕೇಳುತ್ತಾ ಕೂತಿದ್ದವರ ನಡುವಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಕೈಯಲ್ಲಿ ಒಂದು ಫಲಕ. ಬಾಯಿಮಾತಿಗೆ ಖರ್ಚಿಲ್ಲ, ಏಡ್ಸ್ ಕೆಲಸಕ್ಕೆ ದುಡ್ಡು ಬೇಕು ಅನ್ನೋ ಅರ್ಥದ ಸಾಲು ಅದರ ಮೇಲಿತ್ತು. ಅಧ್ಯಕ್ಷರ ಮಾತಿನ ಮಧ್ಯೆಯೇ ಅವರು ಕೂಗಿ ಕೇಳಿದರು. ಭದ್ರತೆಯವರು ಬಂದು ಹೊರಗೆ ಕಳಿಸಿದರು. ಆ ವರ್ಷ ಮುಗಿಯೋ ಹೊತ್ತಿಗೆ ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ಲೆಕ್ಕ ಒಂದು ಲಕ್ಷ ದಾಟಿತ್ತು.

ಆ ಹೆಂಗಸು ಊರ್ವಶಿ ವೈದ್. ಆಗ ಅವರಿಗೆ 31 ವರ್ಷ. ಹುಟ್ಟಿದ್ದು ದೆಹಲಿಯಲ್ಲಿ. ಅಮೆರಿಕದ ಗೇ ಮತ್ತು ಲೆಸ್ಬಿಯನ್ ಜನರ ದೊಡ್ಡ ರಾಷ್ಟ್ರಮಟ್ಟದ ಸಂಘಟನೆಗಳಲ್ಲಿ ಒಂದಾಗಿದ್ದ ನ್ಯಾಷನಲ್ ಗೇ ಅಂಡ್ ಲೆಸ್ಬಿಯನ್ ಟಾಸ್ಕ್ ಫೋರ್ಸ್‌ನ ಮುಖ್ಯಸ್ಥೆ. ಅಂಥ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ಏನು ಮಾಡ್ತಾರೆ ಹೇಳಿ? ಅಧಿಕಾರಿಗಳ ಜೊತೆ ಚೆನ್ನಾಗಿರ್ತಾರೆ. ಮುಂದಿನ ಸಲ ಒಳಗೆ ಕರೀಲಿ ಅಂತ ಇವತ್ತು ಸುಮ್ಮನಿರ್ತಾರೆ. ಊರ್ವಶಿ ಸುಮ್ಮನಿರಲಿಲ್ಲ.

2022ರ ಮೇ 14ರಂದು ನ್ಯೂಯಾರ್ಕ್‌ನಲ್ಲಿ ಅವರು ತೀರಿಕೊಂಡರು. ಸ್ತನ ಕ್ಯಾನ್ಸರ್. 63 ವರ್ಷ. ಅಲ್ಲಿನ ದೊಡ್ಡ ಪತ್ರಿಕೆಗಳೆಲ್ಲ ಬರೆದವು. ಕನ್ನಡದಲ್ಲಿ ಅವರ ಬಗ್ಗೆ ನನ್ನ ಕಣ್ಣಿಗೆ ಬಿದ್ದದ್ದು ತುಂಬಾ ಕಡಿಮೆ. ನಮ್ಮ ಸ್ತ್ರೀವಾದಿ ಗೆಳತಿಯರಲ್ಲೂ ಎಷ್ಟೋ ಜನಕ್ಕೆ ಈ ಹೆಸರು ಹೊಸದು. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ. ಟೈಮ್ ಮಾಡಿಕೊಂಡು ಓದಿ.

ಮೊದಲು ಮನೆಯ ಮಾತು. ಅಪ್ಪ ಕೃಷ್ಣ ಬಲದೇವ್ ವೈದ್, ಹಿಂದಿಯ ದೊಡ್ಡ ಕಾದಂಬರಿಕಾರ. ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಡಿಂಗಾ ಊರಿನವರು. ದೇಶ ಒಡೆದಾಗ ಈ ಕಡೆ ಬಂದವರು. ಅಮ್ಮ ಚಂಪಾ ವೈದ್, ಕವಿ, ಚಿತ್ರ ಕೂಡ ಬರೆಯುತ್ತಿದ್ದವರು. 1966ರಲ್ಲಿ ಅಪ್ಪನಿಗೆ ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯ ಪಾಟ್ಸ್‌ಡ್ಯಾಮ್ ಅನ್ನೋ ಊರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಕೆನಡಾ ಗಡಿಗೆ ಹತ್ತಿರ. ಚಳಿಗಾಲ ಬಂತೆಂದರೆ ಹಿಮದ ರಾಶಿ. ಬಹುಪಾಲು ಬಿಳಿಯರೇ ಇರುವ ಸಣ್ಣ ಊರು. ಊರ್ವಶಿಗೆ ಆಗ ಎಂಟು ವರ್ಷ ತುಂಬುವ ಹೊತ್ತು. ಕಂದು ಬಣ್ಣದ ಹುಡುಗಿ, ಬೇರೆ ಥರದ ಹೆಸರು, ಮನೆಯಲ್ಲಿ ಬೇರೆ ಭಾಷೆ. ಹೊರಗಿನವರಾಗಿ ಇರೋದು ಅಂದ್ರೆ ಏನು ಅಂತ ಅವರಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಹನ್ನೊಂದನೇ ವಯಸ್ಸಿಗೇ ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಗೆ ಹೋಗಿದ್ದರು. ವಾಸರ್ ಕಾಲೇಜಿನಲ್ಲಿ ಓದುವಾಗ, ದಕ್ಷಿಣ ಆಫ್ರಿಕಾದ ವರ್ಣಭೇದದಿಂದ ಲಾಭ ಮಾಡುವ ಕಂಪನಿಗಳಲ್ಲಿ ಕಾಲೇಜು ದುಡ್ಡು ಹಾಕಬಾರದು ಅನ್ನೋ ಹೋರಾಟದಲ್ಲಿದ್ದರು. 1979ರಲ್ಲಿ ಪದವಿ ಮುಗಿಸಿ ಬಾಸ್ಟನ್‌ಗೆ ಬಂದರು.

ಬಾಸ್ಟನ್‌ನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಪ್ಪು ಲೆಸ್ಬಿಯನ್ ಸ್ತ್ರೀವಾದಿಗಳು ಕಟ್ಟಿದ್ದ ಕಂಬಾಹಿ ರಿವರ್ ಕಲೆಕ್ಟಿವ್ ಅದೇ ಊರಿನದು. ಅವರು 1977ರಲ್ಲಿ ಒಂದು ಹೇಳಿಕೆ ಬರೆದಿದ್ದರು. ಕಪ್ಪು ಹೆಂಗಸರಿಗೆ ಬಿಡುಗಡೆ ಸಿಗಬೇಕಾದರೆ ಎಲ್ಲ ಥರದ ದಬ್ಬಾಳಿಕೆಯೂ ಹೋಗಬೇಕಾಗುತ್ತೆ, ಹಾಗಾಗಿ ಅವರ ಬಿಡುಗಡೆ ಎಲ್ಲರ ಬಿಡುಗಡೆ ಅನ್ನೋದು ಅದರ ಸಾರ. ಬಣ್ಣ, ವರ್ಗ, ಹೆಣ್ಣುತನ, ಯಾರನ್ನು ಪ್ರೀತಿಸ್ತೀವಿ ಅನ್ನೋದು, ಇವನ್ನೆಲ್ಲ ಒಂದೊಂದಾಗಿ ಬಿಡಿಸಿ ಬೇರೆ ಬೇರೆ ಡಬ್ಬಿಗೆ ಹಾಕೋಕೆ ಆಗಲ್ಲ ಅಂತ ಅವರು ಖಡಾಖಂಡಿತವಾಗಿ ಹೇಳಿದ್ದರು. ಊರ್ವಶಿ ಕಾಲಿಟ್ಟದ್ದು ಈ ಮಾತು ಗಾಳಿಯಲ್ಲಿದ್ದ ಊರಿಗೆ. ಮುಂದೆ ಅವರು ಮಾಡಿದ ಪ್ರತಿ ಕೆಲಸದಲ್ಲೂ ನನಗೆ ಈ ಮಾತಿನ ನೆರಳು ಕಾಣುತ್ತೆ.

ಅಲ್ಲೇ ಗೇ ಕಮ್ಯುನಿಟಿ ನ್ಯೂಸ್ ಅನ್ನೋ ವಾರಪತ್ರಿಕೆಯಲ್ಲಿ ಕೆಲಸ ಮಾಡಿದರು. ಬಡ ಪತ್ರಿಕೆ. ಹಾಗಿದ್ದರೂ ಜೈಲಿನಲ್ಲಿದ್ದ ಗೇ ಕೈದಿಗಳಿಗೆ ಪ್ರತಿಗಳನ್ನು ಬಿಟ್ಟಿಯಾಗಿ ಕಳಿಸುತ್ತಿತ್ತು. 1982ರಲ್ಲಿ ಪತ್ರಿಕೆಯ ಆಫೀಸಿಗೆ ಬೆಂಕಿ ಬಿತ್ತು. ಬೇಕೆಂದೇ ಹಚ್ಚಿದ ಬೆಂಕಿ. ಪತ್ರಿಕೆ ನಿಲ್ಲಲಿಲ್ಲ.

1983ರಲ್ಲಿ ಕಾನೂನು ಪದವಿ ಮುಗಿಯಿತು. ದೊಡ್ಡ ಕಂಪನಿಗೆ ವಕೀಲರಾಗಿ ಸೇರಿ ಆರಾಮಾಗಿ ಇರಬಹುದಿತ್ತು. ಅಮೆರಿಕಕ್ಕೆ ಹೋದ ನಮ್ಮ ಜನ ಮಕ್ಕಳಿಂದ ಬಯಸೋದು ಅದನ್ನೇ ಅಲ್ವಾ? ಊರ್ವಶಿ ಸೇರಿದ್ದು ಎಸಿಎಲ್‌ಯು ಅನ್ನೋ ನಾಗರಿಕ ಹಕ್ಕುಗಳ ಸಂಸ್ಥೆಯ ಜೈಲು ವಿಭಾಗಕ್ಕೆ. ಕೈದಿಗಳ ಪರ ವಕಾಲತ್ತು. ಏಡ್ಸ್ ಆಗಿನ್ನೂ ಹೊಸದು. ಹೇಗೆ ಹರಡುತ್ತೆ ಅನ್ನೋ ಬಗ್ಗೆ ಜನಕ್ಕೆ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. ಹೊರಗಿದ್ದವರ ಗತಿಯೇ ಹಾಗಿದ್ದಾಗ ಜೈಲಿನ ಒಳಗಿದ್ದವರ ಪಾಡು ಕೇಳೋರು ಯಾರು? ಕೈದಿಗಳ ನಡುವಿನ ಎಚ್‌ಐವಿ ವಿಷಯವನ್ನು ಆ ಸಂಸ್ಥೆಯಲ್ಲಿ ಕೈಗೆತ್ತಿಕೊಂಡವರು ಊರ್ವಶಿ.

ಆ ಹೋರಾಟ ಎಷ್ಟು ಉದ್ದ ಅನ್ನೋಕೆ ಅಲಬಾಮಾ ರಾಜ್ಯವನ್ನು ನೋಡಿ. ಅಲ್ಲಿ ಎಚ್‌ಐವಿ ಇರುವ ಕೈದಿಗಳನ್ನು ಬೇರೆ ಕಟ್ಟಡದಲ್ಲಿ ಇಡುತ್ತಿದ್ದರು. ಒಂದು ಗಂಡಸರ ಜೈಲಿನಲ್ಲಿ ಅವರು ತೋಳಿಗೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡೇ ಓಡಾಡಬೇಕಿತ್ತು. ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಗಬೇಕು. ಇದು ತಪ್ಪು ಅಂತ ಕೋರ್ಟು ತೀರ್ಪು ಕೊಟ್ಟದ್ದು 2012ರ ಡಿಸೆಂಬರ್‌ನಲ್ಲಿ. ಕೇಸು ಗೆದ್ದದ್ದು ಊರ್ವಶಿ ಎಂದೋ ಕೆಲಸ ಮಾಡಿದ್ದ ಅದೇ ಜೈಲು ವಿಭಾಗದವರು. ಇದು ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಅವರಿಗೆ ಎಚ್‌ಐವಿ ಇದೆ ಅಂತ ಗೊತ್ತಾದಾಗ ಪೊಲೀಸರು ಹಿಡಿದುಕೊಂಡು ಹೋಗಿ ಹಳೆಯ ಕ್ಷಯರೋಗದ ಆಸ್ಪತ್ರೆಯ ಕಟ್ಟಡದಲ್ಲಿ ಕೂಡಿಹಾಕಿದ್ದರು. ಅವರ ತಪ್ಪೇನು? ರಕ್ತದಾನ ಮಾಡಿದ್ದು.

ಊರ್ವಶಿಯನ್ನು ನೆನೆಯುವವರು ಸಾಮಾನ್ಯವಾಗಿ ಟಾಸ್ಕ್ ಫೋರ್ಸ್‌ನಿಂದ ಶುರು ಮಾಡ್ತಾರೆ. ನನಗೆ ಈ ಜೈಲಿನ ವರ್ಷಗಳೇ ಮುಖ್ಯ ಅನ್ನಿಸುತ್ತವೆ. ಯಾಕೆ ಅಂದ್ರೆ, ಗೇ ಹಕ್ಕುಗಳ ಮಾತಾಡುವವರಿಗೆ ಕೈದಿಗಳ ಸಹವಾಸ ಬೇಡವಾಗಿತ್ತು. ನಾವು ಒಳ್ಳೆಯ ಜನ, ಮರ್ಯಾದಸ್ಥರು, ತೆರಿಗೆ ಕಟ್ಟುವವರು, ನಿಮ್ಮ ಹಾಗೇ ಇರುವವರು ಅಂತ ಸಮಾಜಕ್ಕೆ ತೋರಿಸಬೇಕಿತ್ತು. ಅಂಥ ಹೊತ್ತಲ್ಲಿ ಬಡವ, ಕಪ್ಪು ಮನುಷ್ಯ, ಡ್ರಗ್ಸ್ ತಗೊಳ್ಳುವವನು, ಮೈ ಮಾರಿ ಬದುಕುವವಳು, ಇವರೆಲ್ಲ ಕೆಲವರಿಗೆ ಮುಜುಗರ. ಊರ್ವಶಿ ಕೆಲಸ ಶುರು ಮಾಡಿದ್ದೇ ಅವರಿಂದ.

1986ರಲ್ಲಿ ಅವರು ಟಾಸ್ಕ್ ಫೋರ್ಸ್ ಸೇರಿದರು. ಮೊದಲು ಮಾಧ್ಯಮಗಳ ಜೊತೆ ಮಾತಾಡುವ ಹೊಣೆ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಬ್ಬರು ಗಂಡಸರು ಮನೆಯೊಳಗೆ ಒಪ್ಪಿಕೊಂಡು ಕೂಡಿದರೂ ರಾಜ್ಯಗಳು ಅದನ್ನು ಅಪರಾಧ ಅನ್ನಬಹುದು ಅಂತ ಹೇಳಿತ್ತು. ಒಂದು ಕಡೆ ಸಾವು, ಇನ್ನೊಂದು ಕಡೆ ಕೋರ್ಟಿನ ಬಾಗಿಲೂ ಮುಚ್ಚಿತ್ತು. 1988ರಲ್ಲಿ ಸ್ಯೂ ಹೈಡ್ ಮತ್ತಿತರರ ಜೊತೆ ಸೇರಿ ಕ್ರಿಯೇಟಿಂಗ್ ಚೇಂಜ್ ಅನ್ನೋ ಸಮಾವೇಶ ಶುರು ಮಾಡಿದರು. ಊರೂರುಗಳಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿದ್ದ ಕಾರ್ಯಕರ್ತರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಒಬ್ಬರಿಂದ ಒಬ್ಬರು ಕಲಿಯುವ ಜಾಗ ಅದು. ಸಂಘಟನೆ ಕಟ್ಟಿದವರಿಗೆ ಇದರ ಬೆಲೆ ಗೊತ್ತು. ಫೋಟೋ ಬರುವುದು ಮೆರವಣಿಗೆಯಲ್ಲಿ. ಹೋರಾಟ ಉಳಿಯುವುದು ಇಂಥ ಕೋಣೆಗಳಲ್ಲಿ.

1989ರಿಂದ 1992ರವರೆಗೆ ಅವರೇ ಸಂಘಟನೆಯ ಮುಖ್ಯಸ್ಥೆ. ಬಿಳಿಯರೇ ತುಂಬಿದ್ದ ಚಳವಳಿಗೆ ಭಾರತದಲ್ಲಿ ಹುಟ್ಟಿದ ಒಬ್ಬ ಲೆಸ್ಬಿಯನ್ ನಾಯಕಿ. ದ್ವೇಷದ ಅಪರಾಧಗಳ ಲೆಕ್ಕ ಇಡಬೇಕು ಅನ್ನೋ ಕಾನೂನು 1990ರ ಏಪ್ರಿಲ್‌ನಲ್ಲಿ ಬಂತು. ಅದಕ್ಕಾಗಿ ಟಾಸ್ಕ್ ಫೋರ್ಸ್ ವರ್ಷಗಟ್ಟಲೆ ದುಡಿದಿತ್ತು. ಕೇಳೋಕೆ ಸಣ್ಣ ವಿಷಯ. ಆದರೆ ಹೊಡೆತ ತಿಂದವರ ಲೆಕ್ಕವೇ ಸರ್ಕಾರದ ಹತ್ತಿರ ಇಲ್ಲದಿದ್ದರೆ ಹೊಡೆತವೇ ಬಿದ್ದಿಲ್ಲ ಅಂತ ಹೇಳೋದು ಬಹಳ ಸುಲಭ.

ಆಮೇಲೆ 1991ರ ಜನವರಿ, ಕೊಲ್ಲಿ ಯುದ್ಧ. ಟಾಸ್ಕ್ ಫೋರ್ಸ್ ಯುದ್ಧ ಬೇಡ ಅಂತ ನಿಲುವು ತಗೊಂಡಿತು. ಒಳಗಿನವರೇ ಸಿಟ್ಟಾದರು. ಯುದ್ಧಕ್ಕೂ ನಮಗೂ ಏನು ಸಂಬಂಧ? ಗೇ ಸೈನಿಕರಿಗೆ ಸೈನ್ಯದಲ್ಲಿ ಜಾಗ ಕೊಡಿ ಅಂತ ನಾವೇ ಕೇಳ್ತಿರುವಾಗ ಇದೇನು? ನಮ್ಮ ಕೆಲಸ ನಾವು ನೋಡಿಕೊಂಡರೆ ಸಾಲದಾ? ಊರ್ವಶಿ ಹಿಂದೆ ಸರಿಯಲಿಲ್ಲ. ಏಡ್ಸ್‌ಗೆ ದುಡ್ಡಿಲ್ಲ ಅನ್ನುವ ಸರ್ಕಾರಕ್ಕೆ ಬಾಂಬಿಗೆ ದುಡ್ಡು ಸಿಗೋದನ್ನು ನೋಡಿಯೂ ಸಂಬಂಧ ಇಲ್ಲ ಅನ್ನೋಕೆ ಹೇಗೆ ಬರುತ್ತೆ ಅಂತ ನನಗೂ ಅನ್ನಿಸುತ್ತೆ.

"ಮೊದಲು ನಮ್ಮದು ಆಗಲಿ, ಆಮೇಲೆ ಬೇರೆಯವರದ್ದು ನೋಡೋಣ." ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಕೇಳಿದ್ದೀನೋ. ಮಹಿಳಾ ಸಂಘಟನೆಗಳಲ್ಲಿ ಲೆಸ್ಬಿಯನ್ ಹುಡುಗಿಯರಿಗೆ ಹೇಳಿದ್ದು ಇದನ್ನೇ. ಗೇ ಗುಂಪುಗಳಲ್ಲಿ ಹಿಜ್ರಾ ಮತ್ತು ಜೋಗಪ್ಪಂದಿರಿಗೆ ಹೇಳಿದ್ದೂ ಇದನ್ನೇ. ಜಾತಿಯ ಮಾತು ಬಂದಾಗಲಂತೂ ಇದೇ ಉತ್ತರ ತಯಾರಾಗಿರುತ್ತೆ. ಹೇಳುವವರು ಕೆಟ್ಟವರಲ್ಲ, ದಣಿದಿರ್ತಾರೆ, ಶಕ್ತಿ ಕಡಿಮೆ ಇರುತ್ತೆ. ಆದರೆ ಆ "ಆಮೇಲೆ" ಬಂದದ್ದನ್ನು ನಾನಂತೂ ನೋಡಿಲ್ಲ. ಊರ್ವಶಿ ನನಗೆ ಇಷ್ಟ ಆಗೋದು ಇಲ್ಲೇ. ಅವರು ಯಾವ ಸರದಿಯಲ್ಲೂ ಯಾರನ್ನೂ ಹಿಂದಕ್ಕೆ ನಿಲ್ಲಿಸಲಿಲ್ಲ. ಅದಕ್ಕೆ ತೆತ್ತ ಬೆಲೆ ಕಮ್ಮಿಯಲ್ಲ. ಬಲಪಂಥೀಯರ ಬೈಗುಳ ಒಂದು ಕಡೆ, ಸ್ವಂತ ಚಳವಳಿಯ ಗೊಣಗಾಟ ಇನ್ನೊಂದು ಕಡೆ.

1993ರ ಏಪ್ರಿಲ್ 25ರಂದು ವಾಷಿಂಗ್ಟನ್‌ನಲ್ಲಿ ಲಕ್ಷಾಂತರ ಜನ ಸೇರಿದ್ದರು. ಊರ್ವಶಿ ವೇದಿಕೆಗೆ ಬಂದರು. ಇದು ಫ್ಯಾಷನ್ ಅಲ್ಲ, ಕಾಯಿಲೆ ಅಲ್ಲ, ಪಾಪ ಪುಣ್ಯದ ಪ್ರಶ್ನೆ ಅಲ್ಲ, ಅಮೆರಿಕ ಎಲ್ಲರಿಗೂ ಕೊಟ್ಟ ಸ್ವಾತಂತ್ರ್ಯದ ಮಾತಿನ ಭಾಗ ಇದು ಅನ್ನೋ ಧಾಟಿಯಲ್ಲಿ ಮಾತಾಡಿದರು. ಬಲಪಂಥದ ರಾಜಕೀಯವನ್ನು ಹೆಸರು ಹಿಡಿದು ಎದುರಿಸಿದರು. ಆ ವಿಡಿಯೋ ನೋಡಿದರೆ ಗೊತ್ತಾಗುತ್ತೆ, ಅಂಗಲಾಚುವ ದನಿ ಎಲ್ಲೂ ಇಲ್ಲ.

ಅಷ್ಟರಲ್ಲಿ ಅವರು ಟಾಸ್ಕ್ ಫೋರ್ಸ್ ಬಿಟ್ಟಿದ್ದರು. ಸಮುದ್ರದ ದಂಡೆಯ ಪ್ರಾವಿನ್ಸ್‌ಟೌನ್‌ಗೆ ಹೋಗಿ ಬರೆಯೋಕೆ ಕೂತರು. ಜೊತೆಗೆ ಕೇಟ್ ಕ್ಲಿಂಟನ್. ಕೇಟ್ ಮೊದಲು ಶಾಲೆಯಲ್ಲಿ ಇಂಗ್ಲಿಷ್ ಮೇಡಂ, ಆಮೇಲೆ ವೇದಿಕೆ ಮೇಲೆ ನಿಂತು ನಗಿಸುವ ಕಲಾವಿದೆ. 1980ರ ದಶಕದ ಕೊನೆಯಿಂದ ಊರ್ವಶಿಯ ಕೊನೆಯ ದಿನದವರೆಗೂ ಇಬ್ಬರೂ ಒಟ್ಟಿಗಿದ್ದರು. ಮೂವತ್ತು ವರ್ಷಕ್ಕೂ ಮೀರಿದ ಸಂಸಾರ. ಹೋರಾಟಗಾರ್ತಿ ಅಂದ ಕೂಡಲೇ ಒಂಟಿಯಾಗಿ, ಮುಖ ಗಂಟಿಕ್ಕಿಕೊಂಡು ಬದುಕಿದವರು ಅಂತ ಚಿತ್ರ ಮಾಡಿಕೊಳ್ಳುವವರಿಗಾಗಿ ಇದನ್ನು ಹೇಳಿದೆ. ಇಬ್ಬರು ಹೆಂಗಸರು ಒಟ್ಟಿಗೆ ಮುಪ್ಪಿನ ಕಡೆಗೆ ನಡೆದ ಕಥೆ ನಮ್ಮ ಹುಡುಗಿಯರಿಗೆ ಸಿಗೋದೇ ಅಪರೂಪ. ಸಿನಿಮಾದಲ್ಲೂ ಸಾಯ್ತಾರೆ, ಪೇಪರಿನಲ್ಲೂ ಸಾಯ್ತಾರೆ.

1995ರಲ್ಲಿ ಬಂದ ಅವರ ಪುಸ್ತಕ 'ವರ್ಚುವಲ್ ಈಕ್ವಾಲಿಟಿ'. ಅದರ ವಾದ ನನಗೆ ಅರ್ಥವಾದಂತೆ ಹೀಗಿದೆ. ಗೇ ಮತ್ತು ಲೆಸ್ಬಿಯನ್ ಜನಕ್ಕೆ ಸಿಕ್ಕಿರುವುದು ಸಮಾನತೆಯ ಥರ ಕಾಣುವ ಒಂದು ಸ್ಥಿತಿ. ಟಿವಿಯಲ್ಲಿ ಕಾಣಿಸ್ತೀವಿ, ರಾಜಕಾರಣಿಗಳು ಕೈ ಕುಲುಕುತ್ತಾರೆ, ಕಂಪನಿಗಳು ನಮಗಾಗಿ ಜಾಹೀರಾತು ಮಾಡುತ್ತವೆ. ಆದರೆ ಕೆಲಸದಿಂದ ತೆಗೆದರೆ, ಮನೆ ಖಾಲಿ ಮಾಡಿಸಿದರೆ, ಮಗುವನ್ನು ಕಿತ್ತುಕೊಂಡರೆ ಕೇಳುವ ಹಾಗಿಲ್ಲ. ಯಾರದೋ ಸಹನೆಯ ಮೇಲೆ ನಿಂತ ಬದುಕು ಅದು. ಅವರಿಗೆ ಬೇಡವಾದ ದಿನ ತೆಗೆದುಬಿಡಬಹುದು. ಹಕ್ಕು ಬೇಕು, ಆದರೆ ಹಕ್ಕಿಗೇ ನಿಂತರೆ ಸಾಲದು. ಕುಟುಂಬ, ಧರ್ಮ, ದುಡ್ಡು, ಬಣ್ಣ ಇವುಗಳ ಹಿಡಿತ ಬದಲಾಗದೆ ಕಾನೂನು ಒಂದೇ ಕೈಹಿಡಿಯಲ್ಲ.

ಮದುವೆಯ ಹಕ್ಕಿನ ಹೋರಾಟ ಜೋರಾದಾಗಲೂ ಇದೇ ಪ್ರಶ್ನೆ ಎತ್ತಿದರು. ಮದುವೆ ಬೇಡ ಅಂತಲ್ಲ. ಅದೇ ಕೊನೆಯ ನಿಲ್ದಾಣ ಅಂದುಕೊಂಡರೆ ಬಡ ಕ್ವಿಯರ್ ಜನ, ಟ್ರಾನ್ಸ್ ಜನ, ಕಪ್ಪು ಮತ್ತು ವಲಸೆ ಬಂದ ಜನ ಎಲ್ಲಿ ಇಳೀಬೇಕು? ಚಳವಳಿಯ ಸಭೆಯಲ್ಲಿ ಯಾರು ಕೂತಿದ್ದಾರೆ, ದುಡ್ಡು ಯಾರು ಕೊಡ್ತಾರೆ, ಅವರಿಗೆ ಬೇಕಾದದ್ದೇ ಎಲ್ಲರ ಬೇಡಿಕೆ ಆಗೋದು ಹೇಗೆ ಅಂತ ಬಿಡಿಸಿ ಕೇಳಿದರು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟು ಮದುವೆಯ ಹಕ್ಕನ್ನು ದೇಶಕ್ಕೆಲ್ಲ ಕೊಟ್ಟಿತು. ಗೆದ್ದಾಯ್ತು ಅಂತ ಎಷ್ಟೋ ಜನ ಮನೆಗೆ ಹೋದರು.

ಊರ್ವಶಿ ತೀರಿಕೊಂಡು ಆರು ವಾರ ಆಗುವಾಗ, 2022ರ ಜೂನ್ 24ರಂದು, ಅದೇ ಕೋರ್ಟು ಗರ್ಭಪಾತದ ಹಕ್ಕನ್ನು ಕಿತ್ತುಹಾಕಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬೇರೆಯಾಗಿ ಬರೆದ ತೀರ್ಪಿನಲ್ಲಿ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2003ರ ತೀರ್ಪನ್ನೂ ಮದುವೆಯ ತೀರ್ಪನ್ನೂ ಮತ್ತೆ ನೋಡಬೇಕು ಅಂತ ಹೇಳಿದರು. ಹೆಂಗಸರ ಗರ್ಭಪಾತಕ್ಕೂ ಗೇ ಮದುವೆಗೂ ಏನು ಸಂಬಂಧ ಅಂತ ಕೇಳುತ್ತಿದ್ದವರಿಗೆ ಕೋರ್ಟೇ ಸಂಬಂಧ ತೋರಿಸಿತು.

ಅವರ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡ್ತೀನಿ. ಫೋರ್ಡ್ ಫೌಂಡೇಶನ್, ಆಮೇಲೆ ಆರ್ಕಸ್ ಫೌಂಡೇಶನ್‌ನಲ್ಲಿ ಕೂತು ಚಳವಳಿಗಳಿಗೆ ದುಡ್ಡು ಹೋಗುವ ದಾರಿ ನೋಡಿಕೊಂಡರು. 2012ರಲ್ಲಿ ಎಲ್‌ಪ್ಯಾಕ್ ಅನ್ನೋದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಲೆಸ್ಬಿಯನ್ ಹೆಂಗಸರು ತಾವೇ ದುಡ್ಡು ಸೇರಿಸಿ, ತಮ್ಮ ಪರ ನಿಲ್ಲುವವರನ್ನು ಚುನಾವಣೆಯಲ್ಲಿ ಗೆಲ್ಲಿಸುವ ಪ್ರಯತ್ನ ಅದು. ದುಡ್ಡಿನ ಮಾತೆಂದರೆ ನಮ್ಮ ಕಡೆಯ ಹೋರಾಟಗಾರರು ಮೈಲಿಗೆ ಅನ್ನೋ ಹಾಗೆ ದೂರ ಸರೀತಾರೆ. ದುಡ್ಡು ಯಾರ ಕೈಯಲ್ಲಿದೆಯೋ ಅವರೇ ಬೇಡಿಕೆಗಳ ಪಟ್ಟಿ ಬರೀತಾರೆ ಅಂತ ಊರ್ವಶಿಗೆ ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ, ಕ್ಯಾನ್ಸರ್ ಜೊತೆಯೇ, ಕ್ವಿಯರ್ ಹೆಂಗಸರ ಬದುಕಿನ ಬಗ್ಗೆ ದೇಶವ್ಯಾಪಿ ಸಮೀಕ್ಷೆಯೊಂದನ್ನು ಕಟ್ಟಿ ನಿಲ್ಲಿಸಿದರು. ದೊಡ್ಡ ಚಳವಳಿಯೊಳಗೇ ಹೆಂಗಸರ ಸಂಸಾರ, ಸಂಬಳ, ಆರೋಗ್ಯದ ಬಗ್ಗೆ ಯಾರೂ ಸರಿಯಾಗಿ ಕೇಳಿಲ್ಲ ಅನ್ನೋದು ಅವರಿಗೆ ನೋವಿನ ವಿಷಯ ಆಗಿತ್ತು.

ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ಇಲ್ಲಿಗೇ ಬರುತ್ತಿತ್ತು. 2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಇನ್ನು ಹಾಗೆ ಅನ್ವಯಿಸಲ್ಲ ಅನ್ನೋ ತೀರ್ಪು ಬಂದಾಗ ಬೆಂಗಳೂರಿನಲ್ಲಿ ಕುಣಿದೆವು. ಕುಣಿಯಬೇಕಾದ ದಿನವೇ ಅದು. ಆದರೆ ಇಬ್ಬರು ಹುಡುಗಿಯರು ಊರು ಬಿಟ್ಟು ಒಟ್ಟಿಗೆ ಬಂದರೆ ಅವರನ್ನು ಹುಡುಕಿಕೊಂಡು ಬರುವುದು 377 ಅಲ್ಲ. ಅಪ್ಪ, ಅಣ್ಣ, ಮಾವ ಬರ್ತಾರೆ. ಸ್ಟೇಷನ್‌ನಲ್ಲಿ "ಹುಡುಗಿ ಕಾಣೆಯಾಗಿದ್ದಾಳೆ" ಅಂತ ದೂರು ಬೀಳುತ್ತೆ. ಜೊತೆಗಿರುವವಳ ಮೇಲೆ ಅಪಹರಣದ ಕೇಸು. ವಯಸ್ಸಿಗೆ ಬಂದವರು ಅಂತ ಹೇಳಿದರೂ "ಮನೆಯವರ ಜೊತೆ ಹೋಗಮ್ಮ, ಎಲ್ಲ ಸರಿ ಹೋಗುತ್ತೆ" ಅನ್ನೋ ಬುದ್ಧಿಮಾತು. ಮನೆಗೆ ಹೋದ ಮೇಲೆ ಫೋನ್ ಇಲ್ಲ, ಬಾಗಿಲಿಗೆ ಚಿಲಕ, ತಿಂಗಳೊಳಗೆ ಗಂಡು ನೋಡೋ ಶಾಸ್ತ್ರ. 2022ರ ಮೇ 31ರಂದು ಕೇರಳ ಹೈಕೋರ್ಟು ಹೀಗೆ ಬೇರೆ ಮಾಡಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಮತ್ತೆ ಒಟ್ಟಿಗೆ ಇರೋಕೆ ಬಿಟ್ಟಿತು. ಅವರು ಕೋರ್ಟಿನವರೆಗೆ ಮುಟ್ಟಿದವರು. ಮುಟ್ಟದವರ ಕಥೆ ನಮಗೆ ಗೊತ್ತೇ ಆಗಲ್ಲ. ಬೆಂಗಳೂರಿನ ಸಂಗಮ, ಲೆಸ್‌ಬಿಟ್‌ನಂಥ ಗುಂಪುಗಳು ಸ್ಟೇಷನ್ನಿಗೆ ಓಡಿ, ರಾತ್ರಿ ಉಳಿಯೋಕೆ ಜಾಗ ಹುಡುಕಿ, ಇಂಥವರ ಜೊತೆ ನಿಂತ ಕೆಲಸಕ್ಕೆ ಚಪ್ಪಾಳೆ ಸಿಕ್ಕಿದ್ದು ಕಡಿಮೆ.

2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡೋಕೆ ಆಗಲ್ಲ ಅಂದಿತು. ಆ ಪ್ರಕರಣದ ಅರ್ಜಿಗಳಲ್ಲಿ ಒಂದು, ಹುಟ್ಟಿದ ಮನೆಯಲ್ಲೇ ಆಗುವ ಹಿಂಸೆಯನ್ನೂ, ರಕ್ತಸಂಬಂಧ ಇಲ್ಲದ ತಾವೇ ಆರಿಸಿಕೊಂಡ ಕುಟುಂಬವನ್ನೂ ಕೋರ್ಟಿನ ಮುಂದೆ ಇಟ್ಟಿತ್ತು. ಟಿವಿ ಚರ್ಚೆಗಳಲ್ಲಿ ಅದರ ಸುದ್ದಿಯೇ ಇಲ್ಲ. ಎಲ್ಲ ಬರೀ ಮದುವೆ, ಮದುವೆ. ಊರ್ವಶಿ ಇದ್ದಿದ್ದರೆ ಮೊದಲು ಆ ಅರ್ಜಿಯನ್ನೇ ಕೈಗೆ ತಗೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ಹಾಗಾಗಿ ಮುಂದಿನ ಪ್ರೈಡ್ ಸಭೆಗಳಲ್ಲಿ ನಮ್ಮ ಬೇಡಿಕೆಯ ಪಟ್ಟಿಗೆ ಇವೂ ಸೇರಲಿ ಅಂತ ಕೇಳ್ತೀನಿ. ಜಿಲ್ಲೆಗೊಂದು ತಂಗುವ ಮನೆ, ಗಂಡ ಮಾವನ ಹೆಸರು ಕೇಳದೆ ಹೆಣ್ಣುಮಕ್ಕಳನ್ನು ಒಳಗೆ ಬಿಡುವಂಥದ್ದು. ವಯಸ್ಕ ಹೆಣ್ಣು ತಾನೇ ಬಂದಿದ್ದೀನಿ ಅಂತ ಬರೆದುಕೊಟ್ಟರೆ ಕಾಣೆಯಾದ ದೂರನ್ನು ಅಲ್ಲಿಗೇ ಮುಗಿಸುವಂತೆ ಪೊಲೀಸರಿಗೆ ಖಡಕ್ ಸೂಚನೆ. ಓಡಿ ಬಂದವಳ ಕೈಯಲ್ಲಿ ಮಾರ್ಕ್ಸ್ ಕಾರ್ಡ್, ಆಧಾರ್ ಇಲ್ಲದಿದ್ದರೂ ಹೊಸದಾಗಿ ತೆಗೆಸಿಕೊಳ್ಳುವ ದಾರಿ. ಗಾರ್ಮೆಂಟ್ಸ್ ಹುಡುಗಿಗೂ ಐಟಿ ಹುಡುಗಿಗೂ ಬೇಕಾದದ್ದು ಒಂದೇ ಅಲ್ಲ, ಅದನ್ನೂ ಕೂತು ಮಾತಾಡೋಣ.

ಊರ್ವಶಿಯವರ 1993ರ ಭಾಷಣ ಆನ್‌ಲೈನ್‌ನಲ್ಲಿ ಇದೆ, ಹುಡುಕಿ ನೋಡಿ. ಇಂಗ್ಲಿಷ್ ಕಷ್ಟ ಅನ್ನುವ ಗೆಳತಿಯರಿಗಾಗಿ ಅವರ ಮಾತು, ಬರಹಗಳಲ್ಲಿ ಕೆಲವನ್ನಾದರೂ ಅನುಮತಿ ಕೇಳಿ ಕನ್ನಡಕ್ಕೆ ತರಬೇಕು ಅನ್ನೋ ಆಸೆ ಇದೆ. ಒಬ್ಬಳೇ ಮಾಡುವ ಕೆಲಸ ಅಲ್ಲ ಅದು. ಜೊತೆಗೆ ಕೂತು ಮಾಡುವವರು ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ.